ಮಕ್ಕಳ ಕೈಗೆ ಬಣ್ಣ ಕೊಡಿ

ಚಿತ್ರ ಬರೆಯುವುದೆಂದರೆ ಬಿಡುವಿನ ವಿನೋದ, ಪರೀಕ್ಷೆಗೆ ಬಾರದ ವಿದ್ಯೆ ಎಂಬ ಭಾವನೆ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಬೇರೂರಿದೆ. ಪಾಠ ಮುಗಿಯದಿದ್ದರೆ ಮೊದಲು ಕತ್ತರಿ ಬೀಳುವುದು ಡ್ರಾಯಿಂಗ್ ಪೀರಿಯಡ್ಡಿಗೇ. ಗಡಿನಾಡಿನ ನಮಗೆ ಈ ಔದಾಸೀನ್ಯ ಇತರರಿಗಿಂತ ಹೆಚ್ಚು ನಷ್ಟ ತರುವಂಥದು ಎಂಬುದು ನಮ್ಮ ಅಭಿಪ್ರಾಯ.

ಅನ್ಯಭಾಷೆಯ ನಡುವೆ ಬಾಳಿದ ಕಲಾವಿದರು ತಮ್ಮ ಬಾಲ್ಯವನ್ನು ಉಳಿಸಿಕೊಂಡ ಬಗೆಯನ್ನು ನೋಡಬೇಕು. 1922ರಲ್ಲಿ ಮಧ್ಯಪ್ರದೇಶದ ಕಾಡಿನ ಹಳ್ಳಿಯೊಂದರಲ್ಲಿ ಹುಟ್ಟಿದ ಎಸ್. ಎಚ್. ರಜಾ 1950ರಲ್ಲಿ ಫ್ರಾನ್ಸಿಗೆ ತೆರಳಿ, ಸುಮಾರು ಅರುವತ್ತು ವರ್ಷ ಅಲ್ಲಿಯೇ ನೆಲೆಸಿದರು. ಚಂಚಲ ಹುಡುಗನ ಮನಸ್ಸು ನಿಲ್ಲಲೆಂದು ಪ್ರಾಥಮಿಕ ಶಾಲೆಯ ಗುರುಗಳು ಗೋಡೆಯ ಮೇಲೆ ಇಟ್ಟ ಒಂದು ಚುಕ್ಕಿಯೇ ಮುಂದೆ ಅವರ ಚಿತ್ರಗಳ ‘ಬಿಂದು’ವಾಯಿತು. 1981ರ ‘ಮಾ’ ಎಂಬ ಚಿತ್ರದಲ್ಲಿ ಅವರು ಹಿಂದಿ ಕವಿತೆಯ ಸಾಲನ್ನು ದೇವನಾಗರಿ ಲಿಪಿಯಲ್ಲೇ ಬರೆದರು. ನಮ್ಮ ನೆರೆಯ ಮಲಯಾಳಿಗಳಲ್ಲೂ ಇಂತಹ ನಿದರ್ಶನವಿದೆ. ಕೆ. ಸಿ. ಎಸ್. ಪಣಿಕ್ಕರ್ ಹುಟ್ಟಿದ್ದು ಕೊಯಮುತ್ತೂರಿನಲ್ಲಿ, ಬಾಳಿದ್ದು ಮದರಾಸಿನಲ್ಲಿ. ಆದರೆ 1963ರಿಂದ ಅವರು ರಚಿಸಿದ ‘ಶಬ್ದ ಮತ್ತು ಸಂಕೇತ’ ಮಾಲಿಕೆಯಲ್ಲಿ ಮಲಯಾಳ ಅಕ್ಷರಗಳಂಥ ಬರವಣಿಗೆ, ಜಾತಕದ ಕುಂಡಲಿಗಳು ತುಂಬಿಕೊಂಡಿವೆ. ನಮ್ಮವರೇ ಆದ, ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಮುಂಬಯಿಯಲ್ಲಿ ನೆಲೆಸಿ, ಪ್ಯಾರಿಸಿನಲ್ಲೂ ಕಲಿತು ಬಂದವರು. ಆದರೂ ತುಳುನಾಡಿನ ನೆನಪು ಅವರ ಕುಂಚವನ್ನು ಬಿಟ್ಟು ಹೋಗಲಿಲ್ಲ.

ಇವರೆಲ್ಲ ಹುಟ್ಟೂರಿನಿಂದಲೋ ತಾಯ್ನುಡಿಯ ನಾಡಿನಿಂದಲೋ ದೂರ ಇದ್ದವರು. ನಾವಾದರೋ ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ನಾವು ಇದ್ದಲ್ಲಿಯೇ ಇದ್ದೆವು. ಕಾಸರಗೋಡು ಕೇರಳಕ್ಕೆ ಸೇರಿತು. ಮನೆ, ತೋಟ, ದೈವಸ್ಥಾನ ಎಲ್ಲವೂ ಕಣ್ಣೆದುರಿಗೇ ಇರುವುದರಿಂದ ಅವನ್ನು ನೆನಪಿಟ್ಟುಕೊಳ್ಳುವ ಅಗತ್ಯವೇ ನಮಗೆ ತೋರಲಿಲ್ಲ. ಅಪಾಯವಿರುವುದು ಇಲ್ಲಿಯೇ. ದೂರ ಹೋದವನು ನೆನಪನ್ನು ಗಂಟು ಕಟ್ಟಿಕೊಂಡು ಹೋಗುತ್ತಾನೆ. ಇದ್ದಲ್ಲೇ ಇರುವವನಿಗೆ ಗಂಟು ಸಡಿಲಾದದ್ದೇ ತಿಳಿಯುವುದಿಲ್ಲ.

ಮನೆಯ ಚಿತ್ರ ಬರೆ ಎಂದರೆ ನಮ್ಮ ಮಕ್ಕಳು ಏನು ಬರೆಯುತ್ತಾರೆ? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು. ಹಿತ್ತಿಲ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ ಆ ಚಿತ್ರದಲ್ಲಿಲ್ಲ. ಅಡಿಕೆ ಒಣಹಾಕಿದ ಅಂಗಳವಿಲ್ಲ, ಚಾವಡಿಯಿಲ್ಲ, ಹೊಳೆಗೆ ಹಾಕುವ ಕಟ್ಟವಿಲ್ಲ. ನೋಡದ ವಸ್ತುವಿನ ಹೆಸರು ನಾಲಗೆಯಿಂದ ಬೇಗ ಮರೆಯಾಗುತ್ತದೆ. ಕಂಡದ್ದನ್ನು ಬರೆಯಲು ಕುಳಿತ ಮಗು ಮಾತ್ರ “ಅಜ್ಜೀ, ಇದಕ್ಕೇನು ಹೇಳುವುದು?” ಎಂದು ಕೇಳಿಯೇ ತೀರುತ್ತದೆ. ಆ ಪ್ರಶ್ನೆಯಿಂದಲೇ ಮಾತು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುತ್ತದೆ.

ಉದ್ಯೋಗವೂ ಆಡಳಿತವೂ ಭಾಷೆಯ ಭವಿಷ್ಯವನ್ನು ನಿರ್ಧರಿಸುವಾಗ ಬಣ್ಣದ ಪೆಟ್ಟಿಗೆಯಿಂದ ಆಗುವುದೇನು ಎಂದು ಕೆಲವರು ಕೇಳಬಹುದು. ಹಕ್ಕುಗಳ ಹೋರಾಟಕ್ಕೆ ಚಿತ್ರ ಬದಲಿಯಲ್ಲ, ನಿಜ. ಆದರೆ ಉಳಿಸಬೇಕಾದದ್ದು ಏನೆಂಬ ಅರಿವಿಲ್ಲದ ಪೀಳಿಗೆ ಯಾವ ಹಕ್ಕಿಗಾಗಿ ಹೋರಾಡೀತು?

ಇದು ನೆರೆಯವರಿಗೆ ಬೆನ್ನು ತಿರುಗಿಸುವ ಮಾತೂ ಅಲ್ಲ. ಯಕ್ಷಗಾನದ ಚೌಕಿಯಲ್ಲಿ ನಾವು ಅರದಾಳವೆನ್ನುವ ಹಳದಿಗೆ ತೆಯ್ಯದ ಅಣಿಯರೆಯಲ್ಲಿ ಮನಯೋಲವೆಂದು ಹೆಸರು. ನಮ್ಮ ಇಂಗಳೀಕ ಅಲ್ಲಿ ಚಾಯಿಲ್ಯ. ಎರಡೂ ಹೆಸರು ಬಲ್ಲ ಮಗು ಬಡವಾಗುವುದಿಲ್ಲ. ಒಂದನ್ನೂ ಅರಿಯದ ಮಗುವಿನ ಬಗ್ಗೆಯೇ ನಮ್ಮ ಚಿಂತೆ.

ಆದುದರಿಂದ ಶಾಲೆಗಳ ವ್ಯವಸ್ಥಾಪಕರು ಡ್ರಾಯಿಂಗ್ ಪೀರಿಯಡನ್ನು ಗಣಿತಕ್ಕೆ ಒಪ್ಪಿಸದೆ ಉಳಿಸಿಕೊಳ್ಳಬೇಕು. ಅಧ್ಯಾಪಕರು ಪುಸ್ತಕದ ಚಿತ್ರ ನಕಲು ಮಾಡಿಸುವ ಬದಲು ಮನೆ-ಊರನ್ನು ಬರೆಯಿಸಿ, ವಸ್ತುಗಳ ಹೆಸರನ್ನು ಕನ್ನಡದಲ್ಲಿ ಕೆಳಗೆ ಬರೆಯಿಸಲಿ. ವಾರ್ಷಿಕೋತ್ಸವದಂದು ಆ ಚಿತ್ರಗಳು ಮಲಯಾಳ ವಿಭಾಗದ ಮಕ್ಕಳ ಚಿತ್ರಗಳ ಜತೆಯಲ್ಲೇ ಗೋಡೆ ಏರಲಿ. ಹೆತ್ತವರ ಹೊಣೆ ಇನ್ನೂ ಸುಲಭದ್ದು: ಒಂದು ಬಣ್ಣದ ಪೆಟ್ಟಿಗೆ, ಅಜ್ಜ-ಅಜ್ಜಿಯರ ಬಳಿ ಕುಳಿತುಕೊಳ್ಳಲು ಒಂದು ಸಂಜೆ. ಇಷ್ಟಕ್ಕೆ ಯಾವ ಸರಕಾರದ ಆದೇಶವೂ ಬೇಕಾಗಿಲ್ಲ.