ನಾಲ್ಕು ಚೌಕಗಳು ಕೂಡುವ ಮೂಲೆ

ಮಲೆನಾಡಿನ ಹಳ್ಳಿಗಳಲ್ಲಿ ಈ ನೋಟ ಸಾಮಾನ್ಯ. ಮನೆಯೊಳಗೆ ಮೊಬೈಲ್ ಮೌನ. ಊರು ಬಿಟ್ಟ ಮಗನೊಡನೆ ಮಾತನಾಡಬೇಕಾದರೆ ತಾಯಿ ಫೋನು ಹಿಡಿದು ಹಿತ್ತಿಲಿನ ಗುಡ್ಡ ಹತ್ತುತ್ತಾಳೆ. "ಸಾರ್, ಗುಡ್ಡದ ಮೇಲೆ ಮಾತ್ರ ಸಿಗ್ನಲ್ ಯಾಕೆ ಸಿಗುತ್ತೆ?" ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅದರ ಬೆನ್ನು ಹಿಡಿದು ಸ್ವಲ್ಪ ದೂರ ಹೋಗೋಣ.

ಹಳೆಯ ರೇಡಿಯೊದ ಶಾರ್ಟ್‌ವೇವ್ ಅಲೆಗಳು ಮೇಲಿನ ಅಯಾನುಗೋಳದಿಂದ ಬಾಗಿ ಮರಳಿ ಭೂಮಿಗೆ ಬರುತ್ತವೆ. ಆದ್ದರಿಂದಲೇ ಲಂಡನ್ ಕೇಂದ್ರ ನಮ್ಮೂರಿನಲ್ಲಿ ಕೇಳಿಸುತ್ತಿತ್ತು. ಆದರೆ 30ರಿಂದ 300 ಮೆಗಾಹರ್ಟ್ಸ್‌ವರೆಗಿನ ವಿಎಚ್‌ಎಫ್ ಹಾಗೂ ಅದರಿಂದ ಮೇಲೆ 3000ದವರೆಗಿನ ಯುಎಚ್‌ಎಫ್ ಅಲೆಗಳು ಸಾಮಾನ್ಯವಾಗಿ ಹಾಗೆ ಮರಳುವುದಿಲ್ಲ. ಅವು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯೋ ದುಂಡು. ಹೀಗಾಗಿ ಸ್ವಲ್ಪ ದೂರದಲ್ಲೇ ದಿಗಂತ ಅಡ್ಡ ಬರುತ್ತದೆ. ಆ ದೂರಕ್ಕೆ ಒಂದು ಸರಳ ಲೆಕ್ಕವಿದೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಬರೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಬರುವುದೇ ಕಿಲೋಮೀಟರುಗಳಲ್ಲಿ ರೇಡಿಯೊ ದಿಗಂತ. ಕಾರಿನ ಮೇಲೆ ಎರಡು ಮೀಟರು ಎತ್ತರದ ಆಂಟೆನಾಕ್ಕೆ ಇದು ಸುಮಾರು 6 ಕಿ.ಮೀ. ನಂದಿಬೆಟ್ಟದ ತುದಿ ಸುತ್ತಲಿನ ಬಯಲಿಗಿಂತ 576 ಮೀಟರು ಮೇಲಿದೆ ಎಂದಿಟ್ಟುಕೊಳ್ಳಿ. 576ರ ವರ್ಗಮೂಲ 24. ಉತ್ತರ ಸುಮಾರು 99 ಕಿ.ಮೀ.! ಅದೇ ರೇಡಿಯೊ, ಅದೇ ಬ್ಯಾಟರಿ. ಬದಲಾದದ್ದು ನಿಂತ ಜಾಗ ಮಾತ್ರ.

ಈ ಲೆಕ್ಕವನ್ನೇ ಆಟ ಮಾಡಿಕೊಂಡವರಿದ್ದಾರೆ. ಅವರೇ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಗದವರು. ಅಮೆರಿಕದಲ್ಲಿ 1914ರಲ್ಲಿ ಹುಟ್ಟಿದ ಅಮೆರಿಕನ್ ರೇಡಿಯೊ ರಿಲೇ ಲೀಗ್ ಎಂಬ ಸಂಘ ಪ್ರತಿವರ್ಷ ಜನವರಿ, ಜೂನ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ವಿಎಚ್‌ಎಫ್ ಸ್ಪರ್ಧೆ ನಡೆಸುತ್ತದೆ. ಜೂನ್ ಸ್ಪರ್ಧೆಯ ಅವಧಿ 33 ಗಂಟೆ. ಅಷ್ಟರಲ್ಲಿ ಎಷ್ಟು ಜನರೊಡನೆ, ಎಷ್ಟು ಚೌಕಗಳೊಡನೆ ಮಾತನಾಡಿದಿರಿ ಎಂಬುದೇ ಪಂಥ.

ಚೌಕವೆಂದರೇನು? ಭೂಪಟವನ್ನು ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ತುಂಡುಗಳಾಗಿ ಕತ್ತರಿಸಿ ಪ್ರತಿಯೊಂದಕ್ಕೂ ಎರಡು ಅಕ್ಷರ, ಎರಡು ಅಂಕಿಗಳ ಹೆಸರು ಕೊಟ್ಟಿದ್ದಾರೆ. 1980ರಲ್ಲಿ ಇಂಗ್ಲೆಂಡಿನ ಮೇಡನ್‌ಹೆಡ್ ಊರಿನ ಸಭೆಯಲ್ಲಿ ರೂಪುಗೊಂಡ ಕ್ರಮವಿದು. ಹೆಸರಿಗೆ ಚೌಕ, ಆಕಾರದಲ್ಲಿ ಆಯತ. ಮಾತನಾಡುವ ಇಬ್ಬರೂ ತಮ್ಮ ಕರೆಸಂಕೇತ ಮತ್ತು ಚೌಕದ ಹೆಸರನ್ನು ವಿನಿಮಯ ಮಾಡಿಕೊಂಡು ಲಾಗ್‌ನಲ್ಲಿ ಬರೆಯುತ್ತಾರೆ.

ಸಮಸ್ಯೆಯೇನೆಂದರೆ, ಅಮೆರಿಕದ ಎಷ್ಟೋ ಚೌಕಗಳಲ್ಲಿ ಹ್ಯಾಮ್‌ಗಳೇ ವಿರಳ. ಬರೀ ಹುಲ್ಲುಗಾವಲು, ಮರುಭೂಮಿ. ಇಲ್ಲಿ ಪ್ರವೇಶಿಸುತ್ತಾನೆ ರೋವರ್, ಅಂದರೆ ಸಂಚಾರಿ. ಒಬ್ಬರು ಇಲ್ಲವೇ ಇಬ್ಬರು ಕಾರಿಗೆ ರೇಡಿಯೊ, ಬ್ಯಾಟರಿ, ಆಂಟೆನಾ ತುಂಬಿಕೊಂಡು ಹೊರಡುತ್ತಾರೆ. ಯಾವುದಾದರೂ ದಿಬ್ಬದ ಮೇಲೆ ನಿಲ್ಲಿಸಿ ಕಂಬ ಏರಿಸಿ ಕರೆಯುತ್ತಾರೆ. ಉತ್ತರಗಳು ಮುಗಿದವೋ, ಎಲ್ಲ ಇಳಿಸಿ ಮುಂದಿನ ಚೌಕಕ್ಕೆ ಪಯಣ. ಹೊಸ ಚೌಕ ತಲುಪಿದರೆ ಹಳಬರೊಡನೆಯೂ ಮತ್ತೆ ಮಾತನಾಡಬಹುದು.

ಇನ್ನು ಅಂಕಗಳ ಲೆಕ್ಕ. 50 ಮತ್ತು 144 ಮೆಗಾಹರ್ಟ್ಸ್‌ಗಳಲ್ಲಿ ಒಂದು ಸಂಪರ್ಕಕ್ಕೆ ಒಂದು ಅಂಕ. ಒಟ್ಟು ಅಂಕವನ್ನು ಸಂಪರ್ಕಿಸಿದ ಚೌಕಗಳ ಸಂಖ್ಯೆಯಿಂದ ಗುಣಿಸಬೇಕು. ಚೌಕವನ್ನು ಒಂದೊಂದು ಬ್ಯಾಂಡಿಗೂ ಬೇರೆಯಾಗಿ ಎಣಿಸಬೇಕು. ಸಂಚಾರಿಗೆ ತಾನು ಹೋಗಿ ಮಾತನಾಡಿದ ಪ್ರತಿ ಚೌಕಕ್ಕೂ ಗುಣಕದಲ್ಲಿ ಒಂದು ಸೇರುತ್ತದೆ. ಸಂಚಾರಿ ನಾಲ್ಕು ಚೌಕಗಳಿಂದ, ಎರಡು ಬ್ಯಾಂಡ್‌ಗಳಲ್ಲಿ, ಮನೆಯಲ್ಲಿ ಕುಳಿತ ಒಬ್ಬನೊಡನೆ ಮಾತನಾಡಿದನೆನ್ನಿ. ಸಂಪರ್ಕ 8. ಸಂಚಾರಿಯ ಗುಣಕ 2 ಕೂಡಿಸು 4, ಅಂದರೆ 6, ಗಳಿಕೆ 48. ಮನೆಯವನ ಗುಣಕ ನಾಲ್ಕೆರಡಲಿ 8, ಗಳಿಕೆ 64! ಬಿಸಿಲಲ್ಲಿ ಅಲೆದವನಿಗಿಂತ ಮನೆಯಲ್ಲಿ ಕುಳಿತವನಿಗೇ ಹೆಚ್ಚು. ಸಂಚಾರಿ ಪಡೆಯುವುದಕ್ಕಿಂತ ಕೊಡುವುದು ದೊಡ್ಡದು. ಅವನು ಬಂದನೆಂದರೆ ಸುತ್ತಲಿನವರಿಗೆಲ್ಲ ಹಬ್ಬ.

ಆದರೆ ಬುದ್ಧಿವಂತರು ಎಲ್ಲೆಡೆಯೂ ಇರುತ್ತಾರಲ್ಲ! ನಾಲ್ಕು ಚೌಕಗಳು ಕೂಡುವ ಮೂಲೆಗೆ ಕೆಲವರು ಕಾರುಗಳನ್ನು ಒಟ್ಟಾಗಿ ಒಯ್ದರು. ನೀನು ಈ ಚೌಕ, ನಾನು ಆ ಚೌಕ ಎಂದು ಮೂಲೆಯನ್ನೇ ಸುತ್ತುತ್ತ, ತಮ್ಮ ತಮ್ಮಲ್ಲೇ ಮಾತನಾಡಿಕೊಂಡರು. ಎರಡು ಕಾರುಗಳಿಗೆ ನಾಲ್ಕು ನಾಲ್ಕಲಿ 16 ಜೋಡಣೆ. ಹತ್ತು ಬ್ಯಾಂಡ್ ಇದ್ದರೆ 160 ಸಂಪರ್ಕ. ಅಲೆ ಸಾಗಿದ ದೂರ ಮಾತ್ರ ಅತ್ಯಲ್ಪ. ನಿಯಮದ ಒಂದು ಅಕ್ಷರವನ್ನೂ ಮುರಿದಿರಲಿಲ್ಲ. ಆದರೆ ದೂರದಲ್ಲಿ ಕಿವಿಗೊಟ್ಟು ಕಾಯುತ್ತಿದ್ದವನಿಗೆ ಇವರಿಂದ ಏನೂ ಸಿಗಲಿಲ್ಲ. ಹ್ಯಾಮ್‌ಗಳ ನಡುವೆ ಬಹಳ ಚರ್ಚೆ ನಡೆದು 2008ರಲ್ಲಿ ನಿಯಮ ಬದಲಾಯಿತು. ಸಾಮಾನ್ಯ ಸಂಚಾರಿ ಮತ್ತೊಬ್ಬ ಸಂಚಾರಿಯೊಡನೆ 100ಕ್ಕಿಂತ ಹೆಚ್ಚು ಸಂಪರ್ಕ ಮಾಡುವಂತಿಲ್ಲವೆಂದು ಮಿತಿ ಬಂತು. ಮಿತಿ ಬೇಡವೆನ್ನುವವರಿಗೆ ಬೇರೆಯೇ ವರ್ಗವಾಯಿತು.

ಇದನ್ನು ಓದುವಾಗ ನನಗೆ ನಮ್ಮ ಪ್ರಯೋಗಾಲಯ ನೆನಪಾಗುತ್ತದೆ. ಒಮ್ಮೆ ಲೋಲಕದ ಪ್ರಯೋಗದಲ್ಲಿ ಇಡೀ ತರಗತಿಗೆ ಗುರುತ್ವ ವೇಗೋತ್ಕರ್ಷ ಕರಾರುವಾಕ್ಕಾಗಿ 9.8 ಬಂದಿತ್ತು. ಒಬ್ಬನಿಗೆ ಮಾತ್ರ 9.4. ನಾನು ಅವನನ್ನೇ ಗದರಿಸಿದೆ. ಆಮೇಲೆ ತಿಳಿಯಿತು, ದಾರವನ್ನು ನಿಜವಾಗಿ ತೂಗುಬಿಟ್ಟು ಎಣಿಸಿದವನು ಅವನೊಬ್ಬನೇ. ಉಳಿದವರು ಉತ್ತರದಿಂದ ಹಿಂದಕ್ಕೆ ಬಂದಿದ್ದರು. ಮೂಲೆ ಸುತ್ತುವುದನ್ನು ಅವರಿಗೆ ಕಲಿಸಿದವರು ಯಾರು? ಅಂಕವನ್ನಷ್ಟೇ ಕೇಳುವ ನಾವು, ಮೇಷ್ಟ್ರು ಮತ್ತು ಪಾಲಕರು. ಅಂದಿನಿಂದ ನಾನು ಮೊದಲು ಕೇಳುವುದು, "ಎಷ್ಟು ಸಲ ಎಣಿಸಿದೆ?" ಎಂದು.

ಮಕ್ಕಳೇ, ಭಾರತದಲ್ಲಿ ಹ್ಯಾಮ್ ಆಗಲು ಸರ್ಕಾರದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಅದಿಲ್ಲದೆ ಪ್ರಸಾರ ಮಾಡುವುದು ಅಪರಾಧ. ಆದರೆ ಭೂಪಟ ತೆರೆಯಲು ಪರವಾನಗಿ ಬೇಡ. ಇಡೀ ಕರ್ನಾಟಕ 'ಎಂಕೆ' ಎಂಬ ವಲಯದಲ್ಲಿದೆ. ನಿಮ್ಮೂರಿನ ರೇಖಾಂಶ 74ರಿಂದ 76ರೊಳಗಿದ್ದರೆ ಮೊದಲ ಅಂಕಿ 7, 78ರವರೆಗೆ 8, ಅದರಾಚೆ 9. ಅಕ್ಷಾಂಶದ ಪೂರ್ಣಾಂಕದಲ್ಲಿ 10 ಕಳೆದರೆ ಎರಡನೆಯದು. ಮೈಸೂರು ಎಂಕೆ 82, ಚಿತ್ರದುರ್ಗ ಎಂಕೆ 84. ನಿಮ್ಮೂರು ಯಾವುದು?

ನಮ್ಮಲ್ಲೂ ಅಂಥ ಒಂದು ಮೂಲೆಯಿದೆ. 13 ಡಿಗ್ರಿ ಅಕ್ಷಾಂಶ, 76 ಡಿಗ್ರಿ ರೇಖಾಂಶ ಕೂಡುವುದು ಹಾಸನದ ಪಶ್ಚಿಮಕ್ಕೆ, ಆಲೂರಿನ ಆಸುಪಾಸಿನಲ್ಲಿ. ಭೂಪಟದಲ್ಲಿ ಅದನ್ನು ಗುರುತಿಸಿ. ಬೇಸಿಗೆ ರಜೆಯಲ್ಲಿ ಆ ಕಡೆ ಹೋದರೆ, ಪಾಲಕರೇ, ಐದು ನಿಮಿಷ ವಾಹನ ನಿಲ್ಲಿಸಿ ಮಕ್ಕಳಿಗೆ ನಾಲ್ಕೂ ದಿಕ್ಕು ತೋರಿಸಿ. ಅಲ್ಲೇ ಸುತ್ತುತ್ತ ನಿಲ್ಲಬೇಡಿ. ಮುಂದೆ ಗುಡ್ಡಗಳಿವೆ, ಹತ್ತಿ.