ಹಳೆಯ ಕ್ಲಾರಿನೆಟ್: ವಿನಾಯಿತಿ ವಾದ್ಯಕ್ಕೆ, ಮರಕ್ಕಲ್ಲ

ವೃತ್ತಿಪರರು ಬಳಸುವ ಹಳೆಯ ಕ್ಲಾರಿನೆಟ್‌ಗಳ ಅಂತರರಾಷ್ಟ್ರೀಯ ವಹಿವಾಟು ಕೆಲ ವರ್ಷ ಪರವಾನಗಿಯ ಜಂಜಾಟಕ್ಕೆ ಸಿಲುಕಿತ್ತು. ಫ್ರಾನ್ಸಿನ ಬಫೆ ಸಂಸ್ಥೆ 1955ರಲ್ಲಿ ಹೊರತಂದ ಆರ್-13 ಸೇರಿದಂತೆ ಬಹುತೇಕ ಉತ್ತಮ ಕ್ಲಾರಿನೆಟ್‌ಗಳು ಆಫ್ರಿಕನ್ ಬ್ಲ್ಯಾಕ್‌ವುಡ್‌ನಿಂದ ತಯಾರಾದವು. ಅದು ನಮ್ಮ ಬೀಟೆಯ ಕುಲಕ್ಕೇ ಸೇರಿದ ಮರ.

ವನ್ಯಸಂಪತ್ತಿನ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದವು 2017ರ ಜನವರಿಯಲ್ಲಿ ಈ ಇಡೀ ಕುಲವನ್ನು ನಿರ್ಬಂಧಕ್ಕೆ ಒಳಪಡಿಸಿತು. ಪರಿಣಾಮವಾಗಿ, ದಶಕಗಳ ಹಿಂದಿನ ವಾದ್ಯವನ್ನು ಹೊರದೇಶಕ್ಕೆ ಮಾರಲೂ ಪರವಾನಗಿ ಅನಿವಾರ್ಯವಾಯಿತು. 2019ರ ನವೆಂಬರ್‌ನಲ್ಲಿ ಈ ಮರದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ದಿಮ್ಮಿಗಳ ಮೇಲಿನ ನಿರ್ಬಂಧ ಮುಂದುವರಿಯಿತು.

ಇದು ವಿವೇಕದ ತೀರ್ಮಾನ. ಈ ಮರ ಬಲಿಯಲು ಹಲವು ದಶಕಗಳೇ ಬೇಕು. ಬಿರುಕು ಬಿಡದ, ಪ್ಯಾಡ್ ಬದಲಿಸಿದರೆ ಮತ್ತೆ ನುಡಿಯುವ ಹಳೆಯ ವಾದ್ಯ ಇನ್ನೊಬ್ಬ ಕಲಾವಿದನ ಕೈ ಸೇರಿದರೆ, ಕಾಡಿನ ಮೇಲಿನ ಹೊರೆ ಅಷ್ಟರಮಟ್ಟಿಗಾದರೂ ತಗ್ಗೀತು.