ಕಪ್ಪು ಮದರಂಗಿಯೆಂಬ ಸುಳ್ಳು

ಮದರಂಗಿ ಎಂದಾದರೂ ಕಪ್ಪಾದದ್ದುಂಟೆ? ಶಿರೂರಿನ ನಮ್ಮ ಹಿತ್ತಲ ಗಿಡದ ಎಲೆಯನ್ನು ಅರೆದು ಹಚ್ಚಿದ ಅಂಗೈಗಳು ಕೆಂಪಾಗುತ್ತಿದ್ದವು, ಕಪ್ಪಾಗಿದ್ದನ್ನು ನಾನು ಕಂಡಿಲ್ಲ. ಇಷ್ಟು ತಿಳಿದೂ ಮೋಸಹೋದೆ. ತಂಗಿಯ ಮಗಳ ಮದುವೆಗೆ ಎರಡು ದಿನವಿರುವಾಗ ನರೆಗೂದಲಿಗೆ ಹಚ್ಚಿದ ಮದರಂಗಿ ಕಿತ್ತಳೆ ಬಣ್ಣ ತಾಳಿತು. ಅದನ್ನು ಮರೆಸಲು ‘ಕಪ್ಪು ಮೆಹೆಂದಿ’ಯ ಪೊಟ್ಟಣ ತಂದು ಬಳಿದುಕೊಂಡೆ. ಧಾರೆಯ ಹೊತ್ತಿಗೆ ರೆಪ್ಪೆಗಳು ಊದಿಕೊಂಡು ವೈದ್ಯರೆದುರು ಕುಳಿತಿದ್ದೆ.

ಪೊಟ್ಟಣದ ಮುಂಭಾಗದಲ್ಲಿ ಹಸಿರೆಲೆಯ ಚಿತ್ರ. ಹಿಂಭಾಗದಲ್ಲಿ, ಇರುವೆಸಾಲಿನಂತಹ ಇಂಗ್ಲಿಷಿನಲ್ಲಿ, ಪ್ಯಾರಾಫಿನೈಲೀನ್‌ಡೈಅಮೀನ್. ಕಪ್ಪು ಬರುವುದು ಇದರಿಂದ. ಎಲೆ ಬರಿಯ ನೆಪ. ಇಂತಹ ಬಣ್ಣಗಳ ಮೇಲೆ ಎಚ್ಚರಿಕೆಯನ್ನು ಇಂಗ್ಲಿಷಿನೊಡನೆ ಸ್ಥಳೀಯ ಭಾಷೆಯಲ್ಲಿಯೂ ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೇ ವಿಧಿಸುತ್ತದೆ. ನಾನು ಕೊಂಡದ್ದರಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಕನ್ನಡವನ್ನಷ್ಟೇ ಬಲ್ಲ ನನ್ನ ಅಕ್ಕ ಅದನ್ನು ಹಚ್ಚಿಕೊಂಡಿದ್ದರೆ ತಪ್ಪು ಯಾರದು?

ಕೆಟ್ಟ ಬಣ್ಣದ ಮೇಲೆ ಇನ್ನೊಂದನ್ನು ಬಳಿಯುವುದು ತಿದ್ದುಪಡಿಯಲ್ಲ. ಎರಡು ದಿನ ಕಾಯಿರಿ, ಗಾಳಿ ತಾಗಿದಂತೆ ಮದರಂಗಿ ತಾನಾಗಿ ಗಾಢವಾಗುತ್ತದೆ. ಕಪ್ಪೇ ಬೇಕೆಂದರೆ ಅದರ ಮೇಲೆ ಶುದ್ಧ ನೀಲಿಗಿಡದ ಎಲೆಪುಡಿಯನ್ನು ಹಚ್ಚಬಹುದು. ಹಣೆಯ ಕಲೆಗೆ ತೆಂಗಿನೆಣ್ಣೆ. (ನನ್ನಾಕೆ ಇದನ್ನೆಲ್ಲ ಮೊದಲೇ ಹೇಳಿದ್ದಳು.) ಪೊಟ್ಟಣದ ಬಣ್ಣವನ್ನು ಬಿಡಲಾರದವರು ಮೊಣಕೈಯ ಒಳಮಗ್ಗುಲಿಗೆ ತುಸು ಹಚ್ಚಿ 48 ಗಂಟೆ ನೋಡಿರಿ. ಒಮ್ಮೆ ಹೀಗೆ ಊದಿಕೊಂಡವರು ಆ ರಾಸಾಯನಿಕವನ್ನು ಮತ್ತೆ ಮುಟ್ಟಲೇಬಾರದು. ಮರುಸಲದ ಪೆಟ್ಟು ಇನ್ನೂ ಉಗ್ರವಾಗಬಹುದು.

ಪೊಟ್ಟಣವನ್ನು ಅಂಗಡಿಗೆ ಒಯ್ದು ತೋರಿಸಿದೆ. “ಅದನ್ನ್ ಯಾರ್ ಓದ್ತ್ರ್ ಮಾಷ್ಟ್ರೆ?” ಎಂದ.

“ಕನ್ನಡದಲ್ಲಿ ಬರೆಸಿ ನೋಡು” ಎಂದೆ.